ತೆರೆದ ಹೊತ್ತಿನ ಮಾತ್ರೆ

ದೇವೀರಿಗೆ ನೋವು ಶುರುವಾದದ್ದು ಬುಧವಾರ ಬೆಳಿಗ್ಗೆ ಎಂಟೂಕಾಲಿಗೆ. ನನಗೆ ಅದನ್ನು ಯಾರೂ ಬಂದು ಹೇಳಬೇಕಾಗಿರಲಿಲ್ಲ. ಮಾತ್ರೆ ಕಾರ್ಖಾನೆಯ ಲ್ಯಾಬಿನಲ್ಲಿ ತಕ್ಕಡಿಯ ಮುಂದೆ ಕೂತಿದ್ದೆ. ತಕ್ಕಡಿಯ ಗಾಜಿನ ಬಾಗಿಲು ತಾನಾಗಿ ಪಕ್ಕಕ್ಕೆ ಸರಿಯಿತು. ಹಿಂದೆಯೇ ಬೀರು ತೆರೆಯಿತು, ಕಿಟಕಿಗಳು ತೆರೆದವು, ಕೊನೆಗೆ ಹೊರಬಾಗಿಲು. ನಮ್ಮ ಊರಿನಲ್ಲಿ ಯಾವ ಹೆಂಗಸಿಗೆ ಹೆರಿಗೆ ನೋವು ಬಂದರೂ ಊರಿನ ಬಾಗಿಲುಗಳೆಲ್ಲ ಹೀಗೆ ತೆರೆದುಕೊಳ್ಳುತ್ತವೆ. ಮಗು ಹುಟ್ಟಿ, ಮಾಸು ಬಿದ್ದು, ತಾಯಿಯ ರಕ್ತ ನಿಲ್ಲುವವರೆಗೆ ಅವನ್ನು ಯಾರಿಂದಲೂ ಮುಚ್ಚಲಾಗುವುದಿಲ್ಲ. ಮನೆಯ ಬಾಗಿಲು, ಅಂಗಡಿಯ ಶಟರು, ಟ್ರಂಕು, ಹಿಟ್ಟಿನ ಡಬ್ಬಿಯ ಮುಚ್ಚಳ, ಥರ್ಮಾಸಿನ ಬಿರಡೆ, ಮುಚ್ಚುವುದಕ್ಕೆಂದು ಮಾಡಿದ ಯಾವುದೂ ಆಗ ಮುಚ್ಚಿರುವುದಿಲ್ಲ.

ನಾವು ಅದನ್ನು ತೆರೆದ ಹೊತ್ತು ಎನ್ನುತ್ತೇವೆ. ತೆರೆದ ಹೊತ್ತಿನಲ್ಲಿ ಅಕ್ಕಸಾಲಿಗ ತಿಜೋರಿಗೆ ಬೆನ್ನು ಕೊಟ್ಟು ಕೂತು ಪೇಪರ್ ಓದುತ್ತಾನೆ. ಠಾಣೆಯ ಲಾಕಪ್ಪಿನಲ್ಲಿರುವವನ ಕೈಯನ್ನು ಪೇದೆ ಟವೆಲ್ಲಿನಲ್ಲಿ ತನ್ನ ಕೈಗೆ ಕಟ್ಟಿಕೊಂಡು ಇಬ್ಬರೂ ಟೀ ಕುಡಿಯಲು ಹೋಗುತ್ತಾರೆ. ಬಚ್ಚಲಲ್ಲಿರುವವರು ಗಟ್ಟಿಯಾಗಿ ಹಾಡುತ್ತಿರಬೇಕು. ಬೇರೆಯವರ ಮನೆಯೊಳಕ್ಕೆ ಕಣ್ಣು ಹಾಯಿಸುವುದು ಕದಿಯುವುದಕ್ಕಿಂತ ಕೀಳು ಎಂದು ಮಕ್ಕಳಿಗೆ ಅಕ್ಷರಕ್ಕಿಂತ ಮೊದಲು ಕಲಿಸುತ್ತೇವೆ. ಬಾಗಿಲುಗಳು ಮತ್ತೆ ತಾವಾಗಿ ಮುಚ್ಚಿಕೊಂಡರೆ ಬಾಣಂತಿ ಪಾರಾದಳು ಎಂದು ಅರ್ಥ. ಆಕೆ ಯಾರ ಮನೆಯವಳೇ ಆಗಲಿ, ಅಕ್ಕಪಕ್ಕದವರು ಒಬ್ಬರ ಬಾಯಿಗೆ ಒಬ್ಬರು ಬೆಲ್ಲ ಹಾಕುತ್ತಿದ್ದರು.

ದೇವೀರಿ ನಮ್ಮ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿದ್ದಳು. ಇಪ್ಪತ್ತಮೂರು ವರ್ಷ. ಗಂಡ ಸಿದ್ದಪ್ಪಾಜಿ ಬೇಕರಿಯಲ್ಲಿ ಒಲೆಯ ಮುಂದೆ ನಿಲ್ಲುವವನು. ದಿನಾ ಮಧ್ಯಾಹ್ನ ಅವನು ಕೊಟ್ಟು ಕಳಿಸಿದ ಬನ್ನಿನಲ್ಲಿ ಅರ್ಧ ಮುರಿದು ನನ್ನ ಮೇಜಿನ ಮೇಲಿಟ್ಟು ಹೋಗುತ್ತಿದ್ದಳು. ತಿಂಗಳು ತುಂಬಿದ ಮೇಲೆ ಒಂದು ದಿನ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, "ವೇದಕ್ಕಾ, ನನ್ನಿಂದ ಊರ್ ಬಾಗಿಲೆಲ್ಲ ತೆಗೀತದಲ್ಲ, ಆವತ್ತು ಮಾಲೀಕ್ರ ಡ್ರಾಯರ್‌ನಾಗೆ ಏನೈತೆ ಅಂತ ಒಂದ್ಸಲ ನೋಡ್ಬಿಡು. ಪಾಪ ಬಂದ್ರೆ ನನ್ ಲೆಕ್ಕಕ್ಕೆ" ಎಂದು ನಕ್ಕಿದ್ದಳು.

ಹನ್ನೆರಡಕ್ಕೆ ನಾನು ಆಸ್ಪತ್ರೆಗೆ ಹೋದೆ. ಊರಿನ ಹೆರಿಗೆ ಆಸ್ಪತ್ರೆ ಎಂದರೆ ನಾಲ್ಕು ಮಂಚ, ಒಂದು ಫ್ರಿಜ್ಜು, ಮತ್ತು ಸಿಸ್ಟರ್ ಲೂರ್ದಮ್ಮ. ಡಾಕ್ಟರ ಹುದ್ದೆ ಒಂಬತ್ತು ವರ್ಷದಿಂದ ಖಾಲಿ. ಬಸ್ಸಿನಲ್ಲಿ ಐದು ಗಂಟೆ ಹೋದರೆ ಜಿಲ್ಲಾಸ್ಪತ್ರೆ. ಲೂರ್ದಮ್ಮ ಇಪ್ಪತ್ತೆಂಟು ವರ್ಷದಿಂದ ಈ ಊರಿನ ಮಕ್ಕಳನ್ನು ಹೊರಗೆ ತಂದವರು. ಕುಳ್ಳಗಿನ, ಗಟ್ಟಿ ತೋಳಿನ ಹೆಂಗಸು. ಹೆರುವವಳು ಬೈದರೆ ತಾವೂ ಜೊತೆಗೂಡಿ ಬೈಯುವರು.

ಒಂದೂವರೆಗೆ ಹೆಣ್ಣುಮಗು ಹುಟ್ಟಿತು. ಚೆನ್ನಾಗಿ ಅತ್ತಿತು. ಮಾಸೂ ಬಿತ್ತು. ಆದರೆ ರಕ್ತ ನಿಲ್ಲಲಿಲ್ಲ. ಹೆತ್ತ ಮೇಲೆ ಗರ್ಭಕೋಶ ಮುಷ್ಟಿಯ ಹಾಗೆ ಬಿಗಿದುಕೊಳ್ಳಬೇಕು. ಆಗ ಒಳಗಿನ ರಕ್ತನಾಳಗಳು ತಾವಾಗಿ ಹಿಸುಕಿಕೊಂಡು ಮುಚ್ಚುತ್ತವೆ. ದೇವೀರಿಯದು ನೆನೆದ ಬಟ್ಟೆಯ ಹಾಗೆ ಮೆತ್ತಗೆ ಉಳಿಯಿತು. ಲೂರ್ದಮ್ಮ ಹೊಟ್ಟೆಯ ಮೇಲೆ ಕೈಯಿಟ್ಟು ತಿಕ್ಕುತ್ತಲೇ, "ವೇದಮ್ಮ, ಫ್ರಿಜ್ಜಲ್ಲಿ ಇಂಜೆಕ್ಷನ್ ಐತೆ, ತತ್ತಾ" ಎಂದರು.

ಫ್ರಿಜ್ಜಿನ ಬಾಗಿಲು ಬೆಳಿಗ್ಗೆಯಿಂದ ತೆರೆದೇ ಇತ್ತು. ಅದನ್ನು ಹಗ್ಗದಲ್ಲಿ ಬಿಗಿದಿದ್ದರು, ಹಗ್ಗ ಹರಿದು ನೇತಾಡುತ್ತಿತ್ತು. ಮದ್ದಿನ ಸೀಸೆಗಳ ಸುತ್ತ ಒದ್ದೆ ಗೋಣಿ ಸುತ್ತಿದ್ದರು, ಗೋಣಿ ಒಣಗಿತ್ತು. ಮೇ ತಿಂಗಳ ಬಿಸಿಲು. ಆ ಬೇಸಿಗೆಯಲ್ಲಿ ಊರಿಗೆ ಅದು ಹದಿನೇಳನೆಯ ಹೆರಿಗೆ. ಹದಿನೇಳು ಸಲವೂ ಫ್ರಿಜ್ಜು ಗಂಟೆಗಟ್ಟಲೆ ಬಾಯಿ ತೆರೆದು ನಿಂತಿತ್ತು. ನಾನು ಸೀಸೆ ಕೈಗೆ ತೆಗೆದುಕೊಂಡಾಗ ಅದು ನನ್ನ ಅಂಗೈಗಿಂತ ಬಿಸಿಯಾಗಿತ್ತು.

ಆ ಇಂಜೆಕ್ಷನ್ನಿನಲ್ಲಿರುವ ಮದ್ದಿನ ಜಾತಿಗೆ ಪ್ರೊಸ್ಟಾಗ್ಲಾಂಡಿನ್ ಎಂದು ಹೆಸರು. ನಮ್ಮ ಮೈಯೇ ಅದನ್ನು ತಯಾರಿಸಿಕೊಳ್ಳುತ್ತದೆ. ಎಲ್ಲಿ ಬೇಕೋ ಅಲ್ಲಿ, ಎಷ್ಟು ಬೇಕೋ ಅಷ್ಟು. ಕೆಲಸ ಮುಗಿದ ಕೆಲವು ನಿಮಿಷಕ್ಕೆ ಅದು ಇಲ್ಲವಾಗುತ್ತದೆ. ಮೈ ಮರೆತಾಗ ಹೊರಗಿನಿಂದ ಕೊಟ್ಟರೆ ಗರ್ಭಕೋಶ ಎಚ್ಚೆತ್ತು ಬಿಗಿಯುತ್ತದೆ. ಆದರೆ ಹೊರಗೆ ಮಾಡಿದ ಮದ್ದು ಬಿಸಿ ತಾಳುವುದಿಲ್ಲ. ಲೂರ್ದಮ್ಮ ಒಂದು ಚುಚ್ಚಿದರು. ಕಾಲು ಗಂಟೆ ಬಿಟ್ಟು ಇನ್ನೊಂದು. "ನೀರು ಚುಚ್ಚಿದಂಗೇ ಆಯ್ತಲ್ಲಮ್ಮ, ನೀರು ಚುಚ್ಚಿದಂಗೇ ಆಯ್ತು" ಎನ್ನುತ್ತ ತಿಕ್ಕುತ್ತಲೇ ಇದ್ದರು. ನಾನು ಮಂಚದ ಕಾಲಿನ ಕಡೆ ಇಟ್ಟಿಗೆ ಕೊಟ್ಟು ಎತ್ತರಿಸಿದೆ. ದೇವೀರಿ ಬಾಯಾರಿಕೆ ಎಂದಳು. ಆಮೇಲೆ ಚಳಿ ಎಂದಳು. ಆಮೇಲೆ ಏನೂ ಅನ್ನಲಿಲ್ಲ.

ಎರಡೂ ನಲವತ್ತಕ್ಕೆ ಊರಿನ ಬಾಗಿಲುಗಳೆಲ್ಲ ಒಟ್ಟಿಗೆ ಮುಚ್ಚಿಕೊಂಡವು. ಹೊರಗೆ ಬೀದಿಯಲ್ಲಿ ಜನ ಹೋ ಎಂದರು. ಎದುರು ಮನೆಯ ಮುದುಕಿ ಬೆಲ್ಲದ ತಟ್ಟೆ ಹಿಡಿದು ಆಸ್ಪತ್ರೆಯ ಮೆಟ್ಟಿಲು ಹತ್ತಿ ಬಂದಳು. ಬೇಕರಿಯಲ್ಲಿ ಸಿದ್ದಪ್ಪಾಜಿಯ ಬಾಯಿಗೆ ಯಾರೋ ಬೆಲ್ಲದ ಉಂಡೆ ತುರುಕಿದ್ದರಂತೆ. ಅದು ಬಾಯಲ್ಲಿರುವಾಗಲೇ ಅವನಿಗೆ ಸುದ್ದಿ ತಲುಪಿತು. ತಾಯಿ ಸತ್ತರೂ ಬಾಗಿಲು ಹಾಗೆಯೇ ಮುಚ್ಚುತ್ತದೆ ಎಂದು ನಮ್ಮ ತಲೆಮಾರಿಗೆ ಆವತ್ತೇ ಗೊತ್ತಾದದ್ದು.

ಹದಿನೈದು ದಿನಕ್ಕೆ ರಾಜಧಾನಿಯ ಔಷಧ ಮಂಡಳಿಯಿಂದ ವಿಚಾರಣೆಗೆಂದು ಚಿದಂಬರಯ್ಯ ಎಂಬ ಅಧಿಕಾರಿ ಬಂದರು. ಸಣಕಲು ಮೈ, ಇಸ್ತ್ರಿ ಕೆಡದ ಅಂಗಿ, ಮಾತು ಮೆತ್ತಗೆ. ಫ್ರಿಜ್ಜಿನ ಬಾಗಿಲನ್ನು ಹತ್ತು ಸಲ ತೆಗೆದು ಹಾಕಿ ನೋಡಿದರು. ಆವತ್ತು ಊರಿನಲ್ಲಿ ಯಾರಿಗೂ ನೋವಿರಲಿಲ್ಲ. ಬಾಗಿಲು ಚೆನ್ನಾಗಿ ಮುಚ್ಚಿತು.

"ಬಾಗಿಲು ಸರಿಯಾಗೇ ಇದೆಯಲ್ಲಮ್ಮ" ಎಂದರು.

"ಈಗ ಸರಿಯಾಗೈತೆ ಸ್ವಾಮಿ" ಎಂದರು ಲೂರ್ದಮ್ಮ. "ಹೆರಿಗೆ ಇರೋ ದಿನ ಬನ್ನಿ. ನಿಮ್ ಪೆಟ್ಟಿಗೇನೂ ಮುಚ್ಚಲ್ಲ."

"ನಮ್ಮ ನಮೂನೆಯಲ್ಲಿ ಎರಡೇ ಕಾಲಂ ಇರೋದು. ಯಂತ್ರದ ದೋಷ, ಸಿಬ್ಬಂದಿಯ ನಿರ್ಲಕ್ಷ್ಯ. ಯಂತ್ರ ಸರಿಯಿದೆ."

"ಊರಿಗೆ ಊರೇ ಸಾಕ್ಷಿ ಹೇಳ್ತದೆ, ಕೇಳಿ."

"ಊರನ್ನ ಯಾವ ಕಾಲಮ್ಮಲ್ಲಿ ಬರೀಲಿ?" ಎಂದು ನಿಜವಾಗಿಯೂ ತಿಳಿಯದವರಂತೆ ಕೇಳಿದರು.

ತಿಂಗಳೊಳಗೆ ಆದೇಶ ಬಂತು. ಶೈತ್ಯಪೆಟ್ಟಿಗೆಯ ಬಾಗಿಲನ್ನು ತೆರೆದಿಟ್ಟು ಔಷಧ ಕೆಡಲು ಹಾಗೂ ತನ್ಮೂಲಕ ಬಾಣಂತಿಯ ಸಾವಿಗೆ ಕಾರಣರಾದ ಲೂರ್ದಮ್ಮನವರನ್ನು ಅಮಾನತ್ತಿನಲ್ಲಿಡಲಾಗಿದೆ. ಕೆಟ್ಟ ಸೀಸೆಗಳ ಬದಲಿಗೆ ಅದೇ ಇಂಜೆಕ್ಷನ್ನಿನ ಹೊಸ ಸೀಸೆಗಳನ್ನು ಕಳಿಸಿದರು. ಜೊತೆಗೆ ಫ್ರಿಜ್ಜಿನ ಮೇಲೆ ಅಂಟಿಸಲು ಒಂದು ಕಾಗದ: ಬಾಗಿಲನ್ನು ಸದಾ ಮುಚ್ಚಿಡತಕ್ಕದ್ದು.

ಆ ಕಾಗದ ನೋಡಿದ ದಿನ ನನ್ನೊಳಗೆ ಏನೋ ಉರಿಯತೊಡಗಿತು, ಅದು ಇನ್ನೂ ಆರಿಲ್ಲ. ನಮ್ಮ ಊರಿನ ಬಾಗಿಲನ್ನು ಮುಚ್ಚಿಸಲು ನನ್ನಿಂದಾಗದು. ಆದರೆ ಬಾಗಿಲು ಮುಚ್ಚಬೇಕಾಗಿಲ್ಲದ ಮದ್ದು ಮಾಡಬಹುದಲ್ಲ? ನಾನು ಔಷಧ ರಸಾಯನ ಓದಿದವಳು. ಹನ್ನೊಂದು ವರ್ಷದಿಂದ ಕೆಮ್ಮಿನ ಸಿರಪ್ಪು, ಜಂತುಹುಳದ ಮಾತ್ರೆ ಮಾಡುತ್ತಿದ್ದೆ. ವಿದೇಶದ ಒಂದು ಪತ್ರಿಕೆಯಲ್ಲಿ ಪ್ರೊಸ್ಟಾಗ್ಲಾಂಡಿನ್ನಿನ ಒಂದು ಹೊಸ ರೂಪದ ಬಗ್ಗೆ ಓದಿದ್ದೆ. ಹೊಟ್ಟೆಯ ಹುಣ್ಣಿಗೆಂದು ಅದನ್ನು ತಯಾರಿಸಿದ್ದರು. ಬಾಯಲ್ಲಿ ಕೊಡಬಹುದು, ಚುಚ್ಚಬೇಕಾಗಿಲ್ಲ. ಗರ್ಭಕೋಶವನ್ನೂ ಬಿಗಿಸುತ್ತದೆ ಎಂದು ಕೊನೆಯಲ್ಲಿ ಒಂದು ಸಾಲು, ಅದೂ ತೊಂದರೆಗಳ ಪಟ್ಟಿಯಲ್ಲಿ.

ಮಾಲೀಕರಾದ ಧರಣೇಂದ್ರಯ್ಯನವರ ಬಳಿ ಹೋದೆ. ಕೆಟ್ಟವರಲ್ಲ, ದೇವೀರಿಯ ಮಣ್ಣಿಗೆ ಬಂದು ಕಣ್ಣೀರು ಹಾಕಿದವರು. ಎಲ್ಲ ಕೇಳಿಸಿಕೊಂಡು, "ನೋಡಮ್ಮ ವೇದವತಿ" ಎಂದರು. "ಹುಣ್ಣಿನವನು ದಿನಾ ಮಾತ್ರೆ ನುಂಗ್ತಾನೆ, ವರ್ಷಗಟ್ಟಲೆ ನುಂಗ್ತಾನೆ. ಬಾಣಂತಿ ಒಂದು ದಿನ ನುಂಗ್ತಾಳೆ, ಅದೂ ರಕ್ತ ಹೋದ್ರೆ. ಕಾರ್ಖಾನೆ ನಡೀಬೇಕಲ್ಲಮ್ಮ. ನೀನು ಹುಣ್ಣಿನ ಮಾತ್ರೆ ಅಂತ ಮಾಡು. ಉಳಿದ ಹೊತ್ತಲ್ಲಿ ಏನು ಮಾಡ್ಕೋತೀಯೋ ನಾನು ನೋಡಲ್ಲ."

ಹಾಗೆ ಕೆಲಸ ಶುರುವಾಯಿತು. ಹೊರದೇಶದಿಂದ ಬಂದ ಮದ್ದು ಒಂದು ಬೆರಳುದ್ದದ ಸೀಸೆಯಲ್ಲಿ ತಳದಷ್ಟು ಎಣ್ಣೆ. ಹರಳೆಣ್ಣೆಯಂತೆ ಮಂದ. ಬಿಸಿ ತಗುಲಿದರೆ, ಗಾಳಿಯ ತೇವ ತಗುಲಿದರೆ ಸಾಕು, ಕೆಲವೇ ವಾರದಲ್ಲಿ ಯಾವುದಕ್ಕೂ ಬಾರದ ಇನ್ನೊಂದೇ ಪದಾರ್ಥವಾಗುತ್ತದೆ. ಅದನ್ನು ಸಕ್ಕರೆಯಲ್ಲಿ ಕಲಸಿದೆ, ಕೆಟ್ಟಿತು. ಪಿಷ್ಟದಲ್ಲಿ ಕಲಸಿದೆ, ಇನ್ನೂ ಬೇಗ ಕೆಟ್ಟಿತು. ಮೇಣದಲ್ಲಿ ಹಾಕಿದೆ, ಕೆಡಲಿಲ್ಲ, ಆದರೆ ಮೇಣದೊಳಗಿಂದ ಹೊರಗೂ ಬರಲಿಲ್ಲ.

ಮೂರನೆಯ ವಾರದಲ್ಲಿ ಲೂರ್ದಮ್ಮ ಲ್ಯಾಬಿಗೆ ಬಂದು ನನ್ನೆದುರು ಸ್ಟೂಲು ಎಳೆದು ಕೂತರು. "ಮನೇಲಿ ಕೂತು ಗೋಡೆ ನೋಡಕ್ಕಾಗಲ್ಲ ಕಣಮ್ಮ. ನಂಗೂ ಏನಾರ ಕೆಲ್ಸ ಕೊಡು. ಸೀಸೆ ತೊಳೀತೀನಿ."

ಸೀಸೆ ತೊಳೆಯಲು ಬಂದವರು ಮದ್ದಿನ ಪರೀಕ್ಷೆಯಲ್ಲಿ ನನಗೆ ಜೊತೆಯಾದರು. ಮದ್ದಿಗೆ ಜೀವ ಇದೆಯೋ ಇಲ್ಲವೋ ತಿಳಿಯಲು ಒಂದು ಹಳೆಯ ವಿಧಾನವಿದೆ. ಇಲಿಯ ಗರ್ಭಕೋಶದ ಒಂದು ಎಳೆಯನ್ನು ಬೆಚ್ಚನೆಯ ಉಪ್ಪುನೀರಿನಲ್ಲಿ ತೂಗುಬಿಟ್ಟು ಅದರ ತುದಿಗೆ ಹಗುರವಾದ ಕಡ್ಡಿ ಕಟ್ಟುತ್ತಾರೆ. ಕಡ್ಡಿಯ ಮೊನೆ ಮಸಿ ಹಿಡಿಸಿದ ಕಾಗದದ ಮೇಲೆ ಗೀರು ಎಳೆಯುತ್ತ ಹೋಗುತ್ತದೆ. ನೀರಿಗೆ ಹಾಕಿದ ಮದ್ದಿಗೆ ಜೀವವಿದ್ದರೆ ಎಳೆ ಕುಗ್ಗುತ್ತದೆ, ಗೀರು ದಿಬ್ಬದಂತೆ ಏರುತ್ತದೆ. ಸತ್ತ ಮದ್ದಾದರೆ ಗೀರು ನೇರವಾಗಿ ಸಾಗುತ್ತದೆ. ನಾನು ಗೀರನ್ನು ಅಳತೆಪಟ್ಟಿಯಲ್ಲಿ ಅಳೆಯುತ್ತಿದ್ದೆ. ಲೂರ್ದಮ್ಮ ಎಳೆಯನ್ನೇ ನೋಡುತ್ತಿದ್ದರು. "ಇದು ಬಿಗೀತಾ ಐತೆ, ಆದ್ರೆ ಹಿಡ್ಕೊಳ್ತಿಲ್ಲ" ಎನ್ನುವರು. ಅಳೆದರೆ ಅದೇ ಇರುತ್ತಿತ್ತು. ಇಪ್ಪತ್ತೆಂಟು ವರ್ಷ ಹೊಟ್ಟೆಗಳ ಮೇಲೆ ಇಟ್ಟ ಕೈಯವರು, ಬರಿ ಕಣ್ಣಿಗೇ ಅವರಿಗೆ ತಿಳಿಯುತ್ತಿತ್ತು.

ಎಂಟು ತಿಂಗಳಾದ ಮೇಲೆ ಉತ್ತರ ಸಿಕ್ಕಿದ್ದು ಗೋದಾಮಿನಲ್ಲಿ. ಮರದ ನಾರಿನಿಂದ ತೆಗೆದ ಒಂದು ಬಿಳಿ ಪುಡಿ, ಮಾತ್ರೆಗಳಿಗೆ ಹೊಳಪು ಕೊಡಲು ಬಳಸುವುದು, ಮೂಟೆಗಟ್ಟಲೆ ಬಿದ್ದಿತ್ತು. ಒಂದು ಪಾಲು ಎಣ್ಣೆಗೆ ನೂರು ಪಾಲು ಪುಡಿ ಹಾಕಿ ಸ್ಪಿರಿಟ್ಟಿನಲ್ಲಿ ಕರಗಿಸಿ ಒಣಗಿಸಿದೆ. ಎಣ್ಣೆ ಆ ನಾರಿನೊಳಗೆ ಕಣಕಣವಾಗಿ ಹಂಚಿಹೋಗಿ ಒಂದು ಕಣ ಇನ್ನೊಂದನ್ನು ಮುಟ್ಟದೆ, ಗಾಳಿಯ ತೇವಕ್ಕೂ ಸಿಗದೆ ಕೂತುಬಿಟ್ಟಿತು. ಅದನ್ನು ಮಾತ್ರೆಯಾಗಿ ಒತ್ತಿ, ತಗಡಿನ ಡಬ್ಬಿಗಳಲ್ಲಿ ತುಂಬಿ ಬಿಸಿಲು ಬೀಳುವ ಕಿಟಕಿಯ ಮೇಲಿಟ್ಟೆ. ಒಂದು ಇಡೀ ವರ್ಷ. ಆ ವರ್ಷ ಊರಿನಲ್ಲಿ ಐವತ್ತೆರಡು ಹೆರಿಗೆಗಳಾದವು. ಐವತ್ತೆರಡು ಸಲ ಡಬ್ಬಿಗಳ ಮುಚ್ಚಳ ಹಾರಿ ಬಿದ್ದವು. ಮತ್ತೆ ಮೇ ತಿಂಗಳು ಬಂದಾಗ ಒಂದು ಮಾತ್ರೆ ತೆಗೆದು ಅರೆದು ಉಪ್ಪುನೀರಿಗೆ ಹಾಕಿದೆವು. ಕಡ್ಡಿ ಮೇಲೆದ್ದಿತು. ಕಾಗದದ ಅಂಚು ದಾಟಿತು. ಲೂರ್ದಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, "ಹಿಂಗೇ ಬಿಗೀಬೇಕಿತ್ತು ಅವತ್ತು" ಎಂದರು.

ಆ ವರ್ಷ ಆಸ್ಪತ್ರೆಯಲ್ಲಿ ಇನ್ನಿಬ್ಬರು ಬಾಣಂತಿಯರು ರಕ್ತ ನಿಲ್ಲದೆ ಸತ್ತಿದ್ದರು ಎಂಬುದನ್ನು ಇಲ್ಲಿ ಹೇಳಬೇಕು. ಫ್ರಿಜ್ಜಿನ ಮೇಲೆ ಆ ಕಾಗದ ಅಂಟಿಸಿಯೇ ಇತ್ತು.

ಮಾತ್ರೆಯನ್ನೂ ಗೀರುಗಳ ಕಾಗದಗಳನ್ನೂ ಹೊತ್ತುಕೊಂಡು ರಾಜಧಾನಿಗೆ ಹೋದೆ. ಮಂಡಳಿಯ ಉದ್ದನೆ ಮೇಜಿನ ಆಚೆ ಐದು ಜನ ಕೂತಿದ್ದರು, ಅವರಲ್ಲಿ ಹೆಂಗಸರಿಲ್ಲ. ಚಿದಂಬರಯ್ಯ ಪಕ್ಕದಲ್ಲಿ ಕಡತ ಹಿಡಿದು ನಿಂತಿದ್ದರು. ಮೇಜಿನ ಆಚೆಯವರು ಹುಣ್ಣಿನ ಬಗ್ಗೆ ನಾಲ್ಕು ಪ್ರಶ್ನೆ ಕೇಳಿ ತಲೆಯಾಡಿಸಿದರು. ಬಾಣಂತಿ ಎಂಬ ಮಾತು ಬಂದೊಡನೆ ಅಧ್ಯಕ್ಷರು ಕನ್ನಡಕ ತೆಗೆದರು.

"ಇದೇ ಮಾತ್ರೆಯಿಂದ ಬಸಿರೂ ಇಳಿಯುತ್ತೆ, ಅಲ್ವೇನಮ್ಮ?"

"ಇಳಿಯುತ್ತೆ ಸಾರ್."

"ಹಾಗಿದ್ರೆ ಇದನ್ನ ಒಂದು ನರ್ಸಿನ ಕೈಗೆ ಕೊಡಿ ಅಂತೀರಲ್ಲ. ಯಾರು ಯಾರಿಗೆ ಕೊಡ್ತಾರೋ, ಯಾತಕ್ಕೆ ಕೊಡ್ತಾರೋ!"

"ಕತ್ತರಿಯಿಂದ ಕತ್ತೂ ಕುಯ್ಯಬಹುದು ಸಾರ್. ದರ್ಜಿ ಅಂಗಡಿಗೆ ನೀವು ಬೀಗ ಹಾಕಿಲ್ಲ."

ಒಬ್ಬರು ನಕ್ಕರು. ಅಧ್ಯಕ್ಷರು ನಗಲಿಲ್ಲ. ಎರಡು ಗಂಟೆಯ ಮೇಲೆ ನನ್ನನ್ನು ಒಳಗೆ ಕರೆದು ಷರತ್ತು ಓದಿದರು. ಇಪ್ಪತ್ತು ಬಾಣಂತಿಯರ ಮೇಲೆ ಪ್ರಯೋಗ ಮಾಡಬಹುದು. ಇನ್ನೂರು ಮಾತ್ರೆ. ಲ್ಯಾಬಿನಲ್ಲಿ ಒಂದನ್ನೂ ಉಳಿಸಿಕೊಳ್ಳದೆ ಎಲ್ಲವನ್ನೂ ಎರಡು ಬೀಗದ ಉಕ್ಕಿನ ಬೀರುವಿನಲ್ಲಿ ಇಡಬೇಕು. ಒಂದು ಕೀಲಿ ಮಂಡಳಿಯ ಅಧಿಕಾರಿಯ ಬಳಿ, ಇನ್ನೊಂದು ಜಿಲ್ಲಾಸ್ಪತ್ರೆಯ ಡಾಕ್ಟರ ಬಳಿ. ಡಾಕ್ಟರು ಬರೆದು ರುಜು ಹಾಕಿದ ಮೇಲೆಯೇ ಮಾತ್ರೆ ಕೊಡಬೇಕು. ಡಾಕ್ಟರು ಪ್ರತಿ ಮಂಗಳವಾರ ಬರುತ್ತಾರೆ.

"ಸಾರ್, ರಕ್ತ ಹೋಗೋಕೆ ಶುರುವಾದ್ರೆ ನಮಗಿರೋದು ಒಂದು ಗಂಟೆ. ಅದು ಮಂಗಳವಾರವೇ ಆಗುತ್ತೆ ಅಂತ ಹೇಗೆ?" ಎಂದು ಕೇಳಿದೆ.

"ಮುಂದಿನ ಅರ್ಜಿ" ಎಂದರು ಅಧ್ಯಕ್ಷರು.

ಬೀರು ಬಂತು, ಚಿದಂಬರಯ್ಯನವರೂ ಬಂದರು. ಹೆರಿಗೆ ಆಸ್ಪತ್ರೆಯ ಎದುರಿಗೇ ಒಂದು ಕೋಣೆ ಬಾಡಿಗೆ ಹಿಡಿದು ಬೀರುವನ್ನು ಗೋಡೆಗೆ ಆನಿಸಿ ನಿಲ್ಲಿಸಿ ಅದರ ಮುಂದೆ ತಮ್ಮ ಮಂಚ ಹಾಕಿಕೊಂಡರು. ಮೊದಲನೆಯ ಸಲ ಊರು ತೆರೆದುಕೊಂಡಾಗ ಅವರು ಚಹಾ ಕುಡಿಯುತ್ತಿದ್ದರಂತೆ. ಎರಡೂ ಬೀಗ ತಾವಾಗಿ ಕಳಚಿ ಕೆಳಗೆ ಬಿದ್ದವು, ಬೀರುವಿನ ಬಾಗಿಲು ತೆರೆದು ಅವರ ಮಂಚಕ್ಕೆ ಬಡಿಯಿತು. ಆವತ್ತು ಹೆರಿಗೆ ಸಲೀಸಾಯಿತು, ಮಾತ್ರೆಯ ಕೆಲಸ ಬೀಳಲಿಲ್ಲ. ಸಂಜೆ ಅವರು ಬೀಗಗಳನ್ನು ಎತ್ತಿಕೊಂಡು ಬೀಗ ರಿಪೇರಿಯವನ ಅಂಗಡಿಗೆ ಹೋದರು. ಬೀಗದಲ್ಲಿ ಏನೂ ಕೆಟ್ಟಿಲ್ಲ ಎಂದು ಅವನು ಹೇಳಿದರೂ ಎರಡು ಹೊಸ ಬೀಗ ಕೊಂಡರು.

ಐದನೆಯ ವಾರ, ಶುಕ್ರವಾರ. ಹೆಂಚಿನ ಕಾರ್ಖಾನೆಯಲ್ಲಿ ಮಣ್ಣು ಹೊರುವ ಹೊನ್ನಾಜಮ್ಮನಿಗೆ ನಾಲ್ಕನೆಯ ಹೆರಿಗೆ. ಬೆಳಿಗ್ಗೆ ಹತ್ತೂವರೆಗೆ ಮಗು ಹುಟ್ಟಿತು. ಹನ್ನೊಂದಕ್ಕೆ ಮಂಚದ ಕೆಳಗೆ ರಕ್ತ ತೊಟ್ಟಿಕ್ಕುತ್ತಿತ್ತು. ಆಸ್ಪತ್ರೆಗೆ ಆಗ ಹೊಸ ನರ್ಸು ಬಂದಿದ್ದಳು, ಇಪ್ಪತ್ತೆರಡರ ಹುಡುಗಿ. ಅವಳೇ ಲ್ಯಾಬಿಗೆ ಓಡಿಬಂದು ಲೂರ್ದಮ್ಮನವರನ್ನೂ ನನ್ನನ್ನೂ ಕರೆದೊಯ್ದಳು. ಅಮಾನತ್ತಿನಲ್ಲಿದ್ದವರು ಆಸ್ಪತ್ರೆಯ ಹೊಸಿಲು ತುಳಿಯುವಂತಿರಲಿಲ್ಲ. ಅವರು ತುಳಿದರು. ಒಂದು ಕೈ ಹೊನ್ನಾಜಮ್ಮನ ಹೊಟ್ಟೆಯ ಮೇಲಿಟ್ಟು ನನ್ನ ಕಡೆ ನೋಡಿದರು. "ಅದೇ ಮೆತ್ತಗೆ" ಎಂದರು. ನಾನು ಬೀದಿ ದಾಟಿ ಓಡಿದೆ.

ಚಿದಂಬರಯ್ಯ ಬೀರುವಿಗೆ ಬೆನ್ನು ಕೊಟ್ಟು, ಎರಡು ಕಾಲನ್ನೂ ನೆಲಕ್ಕೆ ಊರಿ ನಿಂತಿದ್ದರು. ಬೀಗಗಳು ಕೆಳಗೆ ಬಿದ್ದಿದ್ದವು. ಹಿಂದಿನಿಂದ ಬಾಗಿಲು ಅವರನ್ನು ತಳ್ಳುತ್ತಿತ್ತು. ಅಂಗಿ ಬೆವರಿನಲ್ಲಿ ಒದ್ದೆಯಾಗಿತ್ತು.

"ಸಾರ್, ಪಕ್ಕಕ್ಕೆ ಬನ್ನಿ."

"ಡಾಕ್ಟರ ರುಜು ಬೇಕಮ್ಮ."

"ಡಾಕ್ಟರು ಐದು ಗಂಟೆ ದೂರದಲ್ಲಿದ್ದಾರೆ."

"ಬೀಗ ತೆಗೆಯೋ ಅಧಿಕಾರ ನನಗೊಬ್ಬನಿಗೇ ಇಲ್ಲ, ಅರ್ಥ ಮಾಡ್ಕೊಳ್ಳಿ."

"ಬೀಗ ತೆಗೀರಿ ಅಂತ ನಾನೆಲ್ಲಿ ಕೇಳಿದೆ? ಅದು ತೆಗೆದು ಬಿದ್ದಿದೆ. ಈಗ ಆ ಬಾಗಿಲನ್ನ ಮುಚ್ಚಿಟ್ಟಿರೋದು ನೀವೊಬ್ರೇ ಸಾರ್. ನಿಮ್ಮ ಬೆನ್ನೊಂದೇ."

ಅವರು ನನ್ನ ಮುಖ ನೋಡಿದರು. "ತಗೊಂಡ್ರೆ ಕಳ್ಳತನ ಅಂತ ಬರೀಬೇಕಾಗುತ್ತೆ" ಎಂದರು.

"ಬರ್ಕೊಳ್ಳಿ. ವೇದವತಿ. ಹೆಸರಲ್ಲಿ ತಪ್ಪು ಮಾಡ್ಬೇಡಿ" ಎಂದು ಅವರ ತೋಳು ಹಿಡಿದು ಎಳೆದೆ. ಹುಟ್ಟಿದಾಗಿನಿಂದ ನಾನು ಯಾರ ಮೈಮೇಲೂ ಕೈ ಮಾಡಿದವಳಲ್ಲ. ಅವರು ಪಕ್ಕಕ್ಕೆ ಬಿದ್ದರೋ, ತಾವೇ ಸರಿದರೋ, ಇವತ್ತಿಗೂ ನನಗೆ ಗೊತ್ತಿಲ್ಲ. ಬೀರು ದಡಾರನೆ ತೆರೆಯಿತು.

ಲೂರ್ದಮ್ಮ ಮೂರು ಮಾತ್ರೆಗಳನ್ನು ಹೊನ್ನಾಜಮ್ಮನ ನಾಲಿಗೆಯ ಕೆಳಗಿಟ್ಟರು. "ನುಂಗ್ಬೇಡ ಕಣವ್ವ, ಕರಗ್ಲಿ. ಚಳಿ ಬರ್ತದೆ, ನಡುಕ ಬರ್ತದೆ, ಹೆದರ್ಬೇಡ, ಅದು ಮದ್ದಿಂದು" ಎಂದರು. ಹತ್ತು ನಿಮಿಷಕ್ಕೆ ಹೊನ್ನಾಜಮ್ಮನಿಗೆ ಹಲ್ಲು ಕಟಕಟ ಎನ್ನುವಷ್ಟು ನಡುಕ ಬಂತು. ಮೈ ಕಾದಿತು. ಲೂರ್ದಮ್ಮ ಹೊಟ್ಟೆಯ ಮೇಲಿನ ಕೈ ತೆಗೆಯಲಿಲ್ಲ. ಇನ್ನೂ ಸ್ವಲ್ಪ ಹೊತ್ತಾದ ಮೇಲೆ ಅವರು ನನ್ನ ಕೈ ಹಿಡಿದೆಳೆದು ತಮ್ಮ ಕೈಯ ಪಕ್ಕದಲ್ಲಿ ಇರಿಸಿದರು. ನನ್ನ ಅಂಗೈಯ ಕೆಳಗೆ ಗರ್ಭಕೋಶ ಗುಂಡುಕಲ್ಲಿನಷ್ಟು ಗಟ್ಟಿಯಾಗಿತ್ತು. ಕಾಗದದ ಮೇಲೆ ನೂರಾರು ಸಲ ನೋಡಿದ್ದೆ. ಮನುಷ್ಯರ ಮೈಯಲ್ಲಿ ಮುಟ್ಟಿದ್ದು ಅದೇ ಮೊದಲು.

ಹನ್ನೆರಡೂ ಹತ್ತಕ್ಕೆ ಬಾಗಿಲುಗಳು ಮುಚ್ಚಿಕೊಂಡವು. ಬೀದಿಯಲ್ಲಿ ಸದ್ದೇ ಇರಲಿಲ್ಲ. ಜನ ಬೆಲ್ಲವನ್ನು ಕೈಯಲ್ಲಿ ಹಿಡಿದು ಆಸ್ಪತ್ರೆಯ ಕಡೆ ನೋಡುತ್ತ ನಿಂತಿದ್ದರು. ಲೂರ್ದಮ್ಮ ಮೆಟ್ಟಿಲ ಮೇಲೆ ಬಂದು, "ಬದುಕವ್ಳೆ" ಎಂದಾಗ ಒಬ್ಬ ಗಂಡಸು ಬಿಕ್ಕಿಬಿಕ್ಕಿ ಅತ್ತ. ಹೊನ್ನಾಜಮ್ಮನ ಗಂಡನಿರಬೇಕು ಅಂದುಕೊಂಡೆ. ಹತ್ತಿರ ಹೋದರೆ ಸಿದ್ದಪ್ಪಾಜಿ. ಕಂಕುಳಲ್ಲಿ ದೇವೀರಿಯ ಮಗಳಿದ್ದಳು.

ಸಂಜೆ ಚಿದಂಬರಯ್ಯ ರಿಜಿಸ್ಟರು ತೆರೆದು ಕೂತಿದ್ದರು. ಏನು ಬರೆಯುತ್ತಿದ್ದಾರೆ ಎಂದು ನಾನು ಬಗ್ಗಿ ನೋಡಿದೆ. ಅನಧಿಕೃತ ವ್ಯಕ್ತಿಗಳಿಂದ ಔಷಧ ಬಳಕೆ, ಮೂರು ಮಾತ್ರೆ. ಬೀರುವಿನ ಬಾಗಿಲು ಸಡಿಲ. ಫಲಿತಾಂಶ ಎಂಬ ಕಾಲಮ್ಮಿನಲ್ಲಿ ಒಂದು ಅಡ್ಡಗೆರೆ.

"ಬದುಕಿದ್ದಾಳೆ ಅಂತ ಬರೀರಿ" ಎಂದೆ.

"ಡಾಕ್ಟರ ರುಜು ಇಲ್ಲದ್ದು ಪ್ರಯೋಗದ ಒಳಗೆ ಬರಲ್ಲಮ್ಮ."

"ಅವಳು ಸತ್ತಿದ್ರೆ ಬರ್ತಿತ್ತಾ?"

ಅವರು ಪೆನ್ನಿಗೆ ಮುಚ್ಚಳ ಹಾಕಿದರು. "ಸತ್ತಿದ್ರೆ ಬರೀಬೇಕಾಗ್ತಿತ್ತು" ಎಂದರು, ತಲೆ ಎತ್ತದೆ.

ಪ್ರಯೋಗ ರದ್ದಾಯಿತು. ಉಳಿದ ನೂರ ತೊಂಬತ್ತೇಳು ಮಾತ್ರೆಗಳನ್ನು ಕಾರ್ಖಾನೆಯ ಹಿತ್ತಲಿನಲ್ಲಿ ಸೀಮೆಎಣ್ಣೆ ಸುರಿದು ಸುಟ್ಟರು. ನನ್ನ ಕೈಯಿಂದಲೇ ಕಡ್ಡಿ ಗೀರಿಸಬೇಕೆಂದು ಆದೇಶದಲ್ಲಿತ್ತು. ನಾನು ಗೀರಲಿಲ್ಲ. ಧರಣೇಂದ್ರಯ್ಯ ಗೀರಿದರು, ಆಮೇಲೆ ಒಳಗೆ ಹೋಗಿ ಕದ ಹಾಕಿಕೊಂಡರು. ಕಳ್ಳತನದ ಮೊಕದ್ದಮೆ ಎರಡು ವರ್ಷ ನಡೆದು, ಮಾಲೀಕರು ದೂರು ಕೊಡಲು ಒಪ್ಪದ್ದರಿಂದ ಬಿದ್ದುಹೋಯಿತು. ಅಮಾನತ್ತಿನಲ್ಲಿದ್ದ ಲೂರ್ದಮ್ಮನವರನ್ನು ಕೆಲಸದಿಂದಲೇ ವಜಾ ಮಾಡಿದರು. ಪಿಂಚಣಿ ಇಲ್ಲ.

ನಾಲ್ಕನೆಯ ವರ್ಷ ಮಂಡಳಿ ನನ್ನ ಮಾತ್ರೆಗೆ ಒಪ್ಪಿಗೆ ಕೊಟ್ಟಿತು. ಹೊಟ್ಟೆಯ ಹುಣ್ಣಿಗೆ. ಅಂಗಡಿಯಲ್ಲಿ, ಚೀಟಿ ಇಲ್ಲದೆ ಮಾರಬಹುದು. ಪೊಟ್ಟಣದ ಮೇಲೆ ಬಸುರಿ ಹೆಂಗಸಿನ ಚಿತ್ರ ಬರೆದು ಅದರ ಮೇಲೆ ಕೆಂಪು ಗೀಟು ಎಳೆಯಬೇಕೆಂಬುದೊಂದೇ ಷರತ್ತು. ಅದೇ ಎಣ್ಣೆ, ಅದೇ ನಾರಿನ ಪುಡಿ, ಅದೇ ತೂಕ. ಎರಡು ಬೀಗ ಬೇಕಾಗಿದ್ದ ಮದ್ದನ್ನು ಹುಣ್ಣಿನ ಗಂಡಸರಿಗಾಗಿ ಬಿಸ್ಕತ್ತಿನ ಪಕ್ಕದಲ್ಲಿ ಇಟ್ಟರು. ನಮ್ಮ ಊರಿನಲ್ಲಿ ಅದನ್ನು ಬಸುರಿ ಇರುವ ಪ್ರತಿ ಮನೆಯೂ ಕೊಂಡಿತು. ಲೂರ್ದಮ್ಮ ಮನೆಮನೆಗೆ ಹೋಗಿ, ಯಾವಾಗ ಕೊಡಬೇಕು, ಅದಕ್ಕಿಂತ ಮುಖ್ಯವಾಗಿ ಯಾವಾಗ ಕೊಡಲೇಬಾರದು ಎಂದು ಅತ್ತೆಯಂದಿರ ತಲೆಗೆ ಹೊಡೆದು ಹೇಳಿದಂತೆ ಹೇಳಿಕೊಟ್ಟರು. ಆಮೇಲೆ ರಕ್ತ ನಿಲ್ಲದೆ ಸತ್ತವರು ಒಬ್ಬರೇ, ಅವರು ಆಸ್ಪತ್ರೆಗೆ ತಡವಾಗಿ ಬಂದವರು. ಈ ಸಂಗತಿ ಸರ್ಕಾರದ ಯಾವ ಪುಸ್ತಕದಲ್ಲೂ ಇಲ್ಲ. ಇಷ್ಟು ಚಿಕ್ಕ ಊರಿನಲ್ಲಿ ಇಷ್ಟೊಂದು ಜನಕ್ಕೆ ಹೊಟ್ಟೆಹುಣ್ಣು ಏಕೆ ಎಂದು ಮಾತ್ರ ಮಂಡಳಿ ಒಮ್ಮೆ ಪತ್ರ ಬರೆದು ಕೇಳಿತ್ತು.

ಹೋದ ತಿಂಗಳು ಲೂರ್ದಮ್ಮನವರಿಗೆ ಒಂದು ಲಕೋಟೆ ಬಂತು. ಅವರಿಗೀಗ ಎಪ್ಪತ್ತಾಯಿತು, ಕಣ್ಣು ಮಂಜು. ನನ್ನನ್ನು ಕರೆಸಿ ಓದಿಸಿದರು. ಮಂಡಳಿಯ ಬೆಳ್ಳಿ ಹಬ್ಬದ ಅಂಗವಾಗಿ ಹಳೆಯ ಪ್ರಕರಣಗಳನ್ನು ಪರಿಶೀಲಿಸಲಾಗಿದ್ದು, ಶ್ರೀಮತಿ ಲೂರ್ದಮ್ಮನವರ ನಿರ್ಲಕ್ಷ್ಯವನ್ನು ಉದಾರವಾಗಿ ಮನ್ನಿಸಲಾಗಿದೆ. ಸದರಿ ಕ್ಷಮೆಯನ್ನು ಸ್ವೀಕರಿಸಿರುವುದಾಗಿ ಕೆಳಗೆ ರುಜು ಹಾಕಿ ಕಳಿಸಿದಲ್ಲಿ ಪಿಂಚಣಿ ಮಂಜೂರು ಮಾಡಲಾಗುವುದು. ಕೆಳಗೆ ಚಿದಂಬರಯ್ಯನವರ ರುಜು. ಅವರೀಗ ಮಂಡಳಿಯ ಅಧ್ಯಕ್ಷರು.

ಲೂರ್ದಮ್ಮ ಇನ್ನೊಂದು ಸಲ ಓದಿಸಿದರು. ಆಮೇಲೆ, "ಕಾಗ್ದ ಪೆನ್ನು ತಗೊ" ಎಂದರು.

"ರುಜು ಹಾಕ್ಬಿಡಿ ಸಿಸ್ಟರ್" ಎಂದೆ. ಅವರ ಮನೆಯ ಸ್ಥಿತಿ ನನಗೆ ಗೊತ್ತು. "ಬರೀ ಒಂದು ರುಜು. ಅದರಿಂದ ನಿಮ್ಮದು ತಪ್ಪಾಗಿಬಿಡಲ್ಲ."

"ಆಗ್ತದೆ ಕಣಮ್ಮ. ತಪ್ಪು ಮಾಡಿದೋರ್ನ ತಾನೇ ಮನ್ನಿಸೋದು? ನಾನು ರುಜು ಹಾಕಿದ್ರೆ ದೇವೀರಿನ ಕೊಂದಿದ್ದು ನಾನು ಅಂತಾಯ್ತು. ಬರಿ."

ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದೆ. ಅಧ್ಯಕ್ಷರಿಗೆ. ನಿಮ್ಮ ಕಾಗದ ತಲುಪಿತು. ನೀವು ನನ್ನನ್ನು ಮನ್ನಿಸಿದ್ದೀರಿ. ನಾನು ನಿಮ್ಮನ್ನು ಮನ್ನಿಸಿಲ್ಲ. ಇಂತಿ, ಲೂರ್ದಮ್ಮ, ನರ್ಸು.

ನರ್ಸು ಎಂಬುದನ್ನು ದೊಡ್ಡದಾಗಿ ಬರೆಯಲು ಹೇಳಿದರು. ಬರೆದೆ. ಎಲ್ಲಿ ರುಜು ಹಾಕಬೇಕೆಂದು ಬೆರಳಿಟ್ಟು ತೋರಿಸಿದೆ. ಅವರು ಅಷ್ಟು ಒತ್ತಿ ಹಾಕಿದರು, ಪೆನ್ನಿನ ಮೊನೆ ಕಾಗದವನ್ನು ತೂತು ಮಾಡಿ ಕೆಳಗಿನ ಹಾಳೆಗೂ ಇಳಿಯಿತು. ನಾನು ಅಂಚೆಗೆ ಹಾಕಿ ಬರುತ್ತೇನೆ ಎಂದರೆ ಕೇಳಲಿಲ್ಲ. ಚಪ್ಪಲಿ ಮೆಟ್ಟಿ, ಗೋಡೆ ಹಿಡಿದುಕೊಂಡು ತಾವೇ ಅಂಚೆ ಕಚೇರಿಗೆ ನಡೆದರು. ಕಿಟಕಿಯ ಮುಂದೆ ಸರತಿಯಲ್ಲಿ ನಿಂತು, "ರಿಜಿಸ್ಟರ್ ಮಾಡಪ್ಪ. ಅವ್ರ ಕೈಗೇ ಸೇರ್ಬೇಕು, ಸೇರಿದ್ದಕ್ಕೆ ಅವ್ರು ರುಜು ಹಾಕಿ ಕಳಿಸ್ಬೇಕು" ಎಂದರು.